ಅರುಂಧತಿ ತೋರಿಸಿದ್ದು ಯಾರಿಗೆ

ನನ್ನ ಮದುವೆ ಆದದ್ದು ಮಟಮಟ ಮಧ್ಯಾಹ್ನದಲ್ಲಿ, ನನ್ನ ತವರು ಸಾಸಲಿನಲ್ಲಿ. ತಾಳಿ ಕಟ್ಟಿದ್ದಾಯಿತು, ಸಪ್ತಪದಿ ಆಯಿತು. ಪುರೋಹಿತರು ನಮ್ಮಿಬ್ಬರನ್ನೂ ಚಪ್ಪರದಿಂದ ಹೊರಗೆ ಕರೆತಂದು ಬಡಗಣಕ್ಕೆ ಮುಖ ಮಾಡಿ ನಿಲ್ಲಿಸಿದರು. ಬೆರಳನ್ನು ಮೇಲಕ್ಕೆತ್ತಿ ಅಲ್ಲಿ ಸಪ್ತರ್ಷಿ ಮಂಡಲವಿದೆ, ಅದರಲ್ಲಿ ವಸಿಷ್ಠನಿದ್ದಾನೆ, ಅವನ ಪಕ್ಕದಲ್ಲೇ ಅವನ ಹೆಂಡತಿ ಅರುಂಧತಿ ಇದ್ದಾಳೆ ಎಂದು ಹೇಳಿ, "ಕಾಣ್ತೇನಮ್ಮ?" ಎಂದು ಕೇಳಿದರು. ಕಣ್ಣು ಬಿಡಲಾಗದ ಬಿಸಿಲು. ನನಗೆ ಕಂಡದ್ದು ದೂರದಲ್ಲಿ ಸುತ್ತುತ್ತಿದ್ದ ಒಂದು ಹದ್ದು ಮಾತ್ರ. ಆದರೂ "ಕಾಣ್ತು" ಎಂದೆ. ನಮ್ಮಮ್ಮ ಹಾಗೇ ಹೇಳಿದ್ದಳು, ಅವಳಮ್ಮನೂ ಹಾಗೇ ಹೇಳಿದ್ದಳು. ನಮ್ಮ ಕಡೆ ಮದುವಣಗಿತ್ತಿಯರು ಹಗಲು ಹೊತ್ತಿನಲ್ಲಿ ನಕ್ಷತ್ರ ನೋಡುವುದು ಹೊಸದೇನಲ್ಲ.

ಆಮೇಲೆ ಅದೇ ಪ್ರಶ್ನೆಯನ್ನು ಗಂಡಿಗೆ ಕೇಳಿದರು. ಇವರು ದಪ್ಪ ಗಾಜಿನ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು, ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿ, "ಇಲ್ಲ, ಕಾಣ್ಲಿಲ್ಲ. ಹಗಲಲ್ಲಿ ಕಾಣೋದೂ ಇಲ್ಲ" ಎಂದುಬಿಟ್ಟರು. ಓಲಗದವರು ಊದುವುದನ್ನೇ ಮರೆತರು. ನನ್ನ ಅತ್ತೆ ಹಿಂದಿನಿಂದ ಮಗನ ಸೊಂಟಕ್ಕೆ ಚಿವುಟಿದ್ದು ನನಗೆ ಕಾಣಿಸಿತು. ಪುರೋಹಿತರು ನಕ್ಕು ಮುಂದಿನ ಮಂತ್ರಕ್ಕೆ ಹೋದರು. ಆದರೆ ನನ್ನ ಮನಸ್ಸಿನಲ್ಲಿ ಅದು ಮುಳ್ಳಿನ ಹಾಗೆ ಉಳಿದುಬಿಟ್ಟಿತು. ನಾನು ಇವರ ಆಯುಷ್ಯಕ್ಕೆ, ಈ ಸಂಸಾರಕ್ಕೆ ಅಂತ ಅಷ್ಟು ಜನರ ಎದುರಿಗೆ ಇಲ್ಲದ್ದನ್ನು ಕಂಡೆ ಎಂದೆ. ಇವರಿಗೆ ನನಗೋಸ್ಕರ ಒಂದು ಮಾತು ಹೇಳಲು ಆಗಲಿಲ್ಲ.

ಇವರು ತ್ಯಾಮಗೊಂಡ್ಲಿನ ಕಡೆಯವರು, ಅಲ್ಲೇ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮನೆಯಲ್ಲಿ ನಾವಿಬ್ಬರು, ಅತ್ತೆ, ಎರಡು ಹಸು. ಹಿಂದೆ ಸಣ್ಣದೊಂದು ತೆಂಗಿನ ತೋಟ. ಗಂಡಸರೆಲ್ಲ ಸಂಜೆ ಅರಳಿಕಟ್ಟೆಗೆ ಹೋದರೆ ಇವರು ಊಟ ಮುಗಿಸಿ ಅಂಗಳದಲ್ಲಿ ಚಾಪೆ ಹಾಸಿ ಆಕಾಶ ನೋಡುತ್ತಾ ಮಲಗುತ್ತಿದ್ದರು. ಪಕ್ಕದಲ್ಲಿ ಕೂತು ಕೇಳುವವಳು ನಾನು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಡುಮ್ಕಿ ಹೊಡೆದವಳು ಅಂತ ನನಗೆ ಅರ್ಥವಾಗುವ ಹಾಗೆ ಹೇಳಲು ಇವರು ಅಡುಗೆಮನೆಯ ಸಾಮಾನನ್ನೇ ಹೊರಗೆ ತರುತ್ತಿದ್ದರು. ಸೂರ್ಯ ಅಂದರೆ ಒಂದು ಕುಂಬಳಕಾಯಿ ಅಂತ ಇಟ್ಟುಕೋ, ಭೂಮಿ ಒಂದು ಸಾಸಿವೆ ಕಾಳು, ಅದನ್ನು ಬಾವಿಕಟ್ಟೆಯ ಹತ್ತಿರ ಇಡಬೇಕು ಎನ್ನುವರು. ಗುರು ಗ್ರಹ ಒಂದು ನೆಲ್ಲಿಕಾಯಿ, ಅದು ತೋಟದಾಚೆ. ಮುಂದಿನ ನಕ್ಷತ್ರ ಇನ್ನೊಂದು ಕುಂಬಳಕಾಯಿ, ಅದು ಎಲ್ಲಿ ಗೊತ್ತಾ, ಹಿಮಾಲಯ ದಾಟಿ ರಷ್ಯಾ ದೇಶದಲ್ಲಿ. ನಡುವೆ ಏನೂ ಇಲ್ಲ. ಅಷ್ಟು ಖಾಲಿ ಜಾಗ ಯಾಕೆ ಬೇಕಿತ್ತು ಎಂದು ನಾನು ಕೇಳಿದರೆ ನಕ್ಕುಬಿಡುವರು.

ಚಳಿಗಾಲದ ಒಂದು ರಾತ್ರಿ ನೆತ್ತಿಯ ಹತ್ತಿರ ಬೂದಿ ಮೆತ್ತಿದಂತಿದ್ದ ಒಂದು ಮಸುಕನ್ನು ನನ್ನಿಂದಲೇ ಹುಡುಕಿಸಿದರು. ಇವರ ಕಣ್ಣಿಗೆ ಅದು ಕಾಣುತ್ತಿರಲಿಲ್ಲ, ಎಲ್ಲಿದೆ ಅಂತ ಮಾತ್ರ ಗೊತ್ತಿತ್ತು. ನಮ್ಮ ಆಕಾಶಗಂಗೆಯ ಹಾಗೇ ಅದೂ ಇನ್ನೊಂದು ನಕ್ಷತ್ರಗಳ ಊರು, ಅಲ್ಲಿಂದ ಬೆಳಕು ಹೊರಟಾಗ ಭೂಮಿಯ ಮೇಲೆ ನಮ್ಮಂಥ ಮನುಷ್ಯರೇ ಇರಲಿಲ್ಲ ಎಂದರು. ಅಂಥ ಊರುಗಳು ಕೋಟಿ ಕೋಟಿ ಇವೆಯಂತೆ, ಬಹಳ ದೂರದವೆಲ್ಲ ಒಂದರಿಂದೊಂದು ದೂರ ಹೋಗುತ್ತಿವೆಯಂತೆ. ಇಡ್ಲಿ ಹಿಟ್ಟಿಗೆ ನಾಲ್ಕು ಮೆಣಸಿನ ಕಾಳು ಹಾಕಿಡು, ಹಿಟ್ಟು ಉಬ್ಬುತ್ತಾ ಬಂದ ಹಾಗೆ ಕಾಳುಗಳ ನಡುವಿನ ಜಾಗ ಹೆಚ್ಚುತ್ತಲ್ಲ, ಹಾಗೆ ಎಂದರು. ಹಾಗಾದರೆ ನಮ್ಮ ಮನೆಯೂ ಹಿಗ್ಗುತ್ತದಾ, ನಾವಿಬ್ಬರೂ ದೂರ ದೂರ ಆಗುತ್ತೇವಾ ಎಂದು ಕೇಳಿದೆ. ಇಲ್ಲ, ಒಂದಕ್ಕೊಂದು ಸೆಳೆತ ಇದ್ದದ್ದು ಹಾಗೆ ದೂರ ಆಗಲ್ಲ ಎಂದರು. ಅದನ್ನು ಇವರು ಹೇಳಿದ್ದು ಗ್ರಹ ನಕ್ಷತ್ರಗಳ ವಿಚಾರದಲ್ಲಿ. ನಾನು ಗಂಟು ಕಟ್ಟಿ ಇಟ್ಟುಕೊಂಡೆ.

ಯಾಕೆಂದರೆ ನನಗೊಂದು ಭಯವಿತ್ತು. ಮದುವೆಯಾಗಿ ವರ್ಷಗಳಾದರೂ ನನ್ನ ಮಡಿಲು ತುಂಬಿರಲಿಲ್ಲ. ನೆಂಟರ ಮನೆಗೆ ಹೋದಾಗ ಅತ್ತೆಯ ಕಿವಿಯಲ್ಲಿ ಯಾರು ಯಾರೋ ಏನೇನೋ ಊದುತ್ತಿದ್ದರು. ಇನ್ನೊಂದು ಹೆಣ್ಣಿನ ಮಾತು ಎದ್ದಿದೆ ಎನ್ನುವುದು ನನಗೆ ಗೊತ್ತಿತ್ತು. ಅತ್ತೆ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ. ಹಾಗಾಗಿ ಇವರ ಬಾಯಲ್ಲಿ ಬೇರೆ ಹೆಂಗಸಿನ ಸುದ್ದಿ ಬಂದರೆ ನನ್ನ ಕಿವಿ ತಾನಾಗಿ ನೆಟ್ಟಗಾಗುತ್ತಿತ್ತು.

ಆ ಸುದ್ದಿ ಬಂದದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ಶಾಲೆಗೆ ಹೊಸದಾಗಿ ಒಬ್ಬರು ಟೀಚರಮ್ಮ ಬಂದಿದ್ದರು. ಬೆಂಗಳೂರಿನವರು, ಬಿ.ಎಸ್ಸಿ. ಓದಿದವರು, ಗಣಿತ ಪಾಠ ಮಾಡುವವರು. ನೆಲಮಂಗಲದಲ್ಲಿ ಬಸ್ಸು ಬದಲಾಯಿಸಿ ಬರುತ್ತಿದ್ದರಂತೆ. ಇವರು ಅವರನ್ನು ಮೇಡಂ ಎನ್ನುತ್ತಿದ್ದರು. ಮೇಡಂ ಹೀಗೆ ಹೇಳಿದರು, ಮೇಡಂ ಹಾಗೆ ಹೇಳಿದರು. ನಾನು ಮಾಡಿದ ಸಾರಿನಲ್ಲಿ ಉಪ್ಪಿದೆಯಾ ಇಲ್ಲವಾ ಅಂತ ಕೂಡ ಹೇಳದ ಮನುಷ್ಯ, ಮೇಡಂ ಬೆಳಕಿನ ವೇಗದ ಲೆಕ್ಕವನ್ನು ಕರಿಹಲಗೆಯ ಮೇಲೆ ಎಷ್ಟು ಚೆನ್ನಾಗಿ ಬಿಡಿಸಿದರು ಅಂತ ಊಟ ಮುಗಿಯುವವರೆಗೆ ಹೇಳುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಉರಿಯಿತು ಅಂತ ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಗಣಿತದಲ್ಲೇ ನಾನು ಫೇಲಾದದ್ದು, ಗಣಿತದವರೇ ಬರಬೇಕಿತ್ತಾ?

ಅದು ಅಲ್ಲಿಗೇ ನಿಲ್ಲಲಿಲ್ಲ. ಒಂದು ಸೋಮವಾರ ಇವರು ಕರ್ಚೀಫಿನಲ್ಲಿ ಸುತ್ತಿದ ಒಂದು ಗಾಜನ್ನು ತಂದು, ಕೂಸನ್ನು ಎತ್ತಿಕೊಂಡವರ ಹಾಗೆ ಎರಡೂ ಕೈಯಲ್ಲಿ ಹಿಡಿದು ತೋರಿಸಿದರು. ದೂರದರ್ಶಕದ ಮಸೂರವಂತೆ. ಬೆಂಗಳೂರಿನ ಗುಜರಿ ಅಂಗಡಿಗಳಲ್ಲಿ ಹುಡುಕಿ ಮೇಡಂ ತಂದುಕೊಟ್ಟರಂತೆ. ನಾನು ಗಾಜನ್ನು ನೋಡಲಿಲ್ಲ, ಕರ್ಚೀಫನ್ನು ನೋಡಿದೆ. ಅಂಚಿನಲ್ಲಿ ಸಣ್ಣ ನೀಲಿ ಹೂವಿನ ಕಸೂತಿ. ಮಾರನೆಯ ದಿನ ಅದನ್ನು ಒಗೆದು, ಗಂಜಿ ಹಾಕಿ, ಮಡಿಸಿ, ವಾಪಸ್ಸು ಕೊಟ್ಟು ಬನ್ನಿ ಅಂತ ಕೈಗೆ ಕೊಟ್ಟೆ. ಮನೆಯಲ್ಲಿ ಇಟ್ಟುಕೊಳ್ಳುವ ಮಾತೇ ಇಲ್ಲ.

ತಗಡಿನ ಕೊಳವೆ ಮಾಡಿಸಿ, ಆ ಗಾಜನ್ನು ಕೂರಿಸಿ, ಮೂರು ಕಾಲಿನ ಮರದ ಸ್ಟ್ಯಾಂಡಿನ ಮೇಲೆ ನಿಲ್ಲಿಸುವ ಹೊತ್ತಿಗೆ ಪರೀಕ್ಷೆಗಳು ಮುಗಿಯುತ್ತಾ ಬಂದಿದ್ದವು. ಶಾಲೆಯವರು ಒಂದು ಸಂಜೆ ಮಾಳಿಗೆಯ ಮೇಲೆ ಮಕ್ಕಳಿಗೆ ಆಕಾಶ ತೋರಿಸುವ ಏರ್ಪಾಡು ಮಾಡಿದರು. ಅತ್ತೆಗೆ ಜ್ವರ ಬಂದಿದ್ದರಿಂದ ನನಗೆ ಹೋಗಲಾಗಲಿಲ್ಲ. ಇವರು ಬಂದಾಗ ಮುಖ ಹಬ್ಬದ ಮುಖವಾಗಿತ್ತು. ಕೈ ತೊಳೆದು ಕೂತರು. ಮುದ್ದೆ ಮುರಿಯುತ್ತಾ ಶನಿಯ ಬಳೆ ಎಷ್ಟು ಸ್ಪಷ್ಟವಾಗಿ ಕಂಡಿತು, ಹುಡುಗರು ಹೇಗೆ ಸಾಲಿನಲ್ಲಿ ನಿಂತರು ಎಂದೆಲ್ಲ ಹೇಳಿದರು. ನಾನು ಸಾರು ಬಡಿಸುತ್ತಿದ್ದೆ. ಆಗ ಇವರು ಹೇಳಿದ್ದು ಇದು:

"ಕೊನೇಲಿ ಮೇಡಂಗೆ ಅರುಂಧತಿ ತೋರಿಸ್ದೆ."

ಇವರು ಮುದ್ದೆಯನ್ನು ಸಾರಿಗೆ ಅದ್ದಿ ನುಂಗಿದರು. ಯಾವ ಮಾತು ಆಡಿದೆ ಅನ್ನುವ ಪರಿವೆಯೇ ಇಲ್ಲ. ಅರುಂಧತಿ ತೋರಿಸುವುದು ಅಂದರೆ ಏನು, ಅದನ್ನು ಯಾವಾಗ ತೋರಿಸುತ್ತಾರೆ, ಯಾರಿಗೆ ತೋರಿಸುತ್ತಾರೆ ಅನ್ನುವುದು ನಮ್ಮ ಊರಿನ ಎಮ್ಮೆ ಕಾಯುವವರಿಗೂ ಗೊತ್ತು. ಚಾಪೆಯ ಮೇಲೆ ಮಲಗಿದ್ದ ಅತ್ತೆ ಜ್ವರದಲ್ಲೂ ಎದ್ದು ಕೂತರು.

"ಅರುಂಧತಿ ತೋರ್ಸಿಬಿಟ್ಯಾ?" ಎಂದರು. "ಇನ್ನು ತಾಳಿ ಒಂದು ಬಾಕಿ ಕಣಪ್ಪ, ಕಟ್ಬಿಡು."

ಅತ್ತೆ ಹೇಳಿದ್ದು ಮಗನನ್ನು ಬೈಯಲು. ನನಗೆ ಮಾತ್ರ ಎದೆಗೆ ಕೊಳ್ಳಿ ಇಟ್ಟಂತಾಯಿತು. ಇವರು ಕನ್ನಡಕದೊಳಗಿಂದ ಪಿಳಿಪಿಳಿ ನೋಡುತ್ತಾ, ಅದೊಂದು ನಕ್ಷತ್ರ ಅಲ್ಲವಾ, ಶನಿ ತೋರಿಸಿದರೆ ತಪ್ಪಿಲ್ಲ, ಅರುಂಧತಿ ತೋರಿಸಿದರೆ ತಪ್ಪಾ ಎಂದು ಕೇಳಿದರು. ನಾನು ಸಾರಿನ ಪಾತ್ರೆಯನ್ನು ಇವರ ಮುಂದೆ ಕುಕ್ಕಿ ಒಳಗೆ ಹೋದೆ. ನನ್ನ ಮದುವೆಯ ದಿನ ಇವರಿಗೆ ಕಾಣದ ಅರುಂಧತಿ, ಇನ್ನೊಬ್ಬಳು ತಂದುಕೊಟ್ಟ ಗಾಜಿನಲ್ಲಿ, ಇನ್ನೊಬ್ಬಳು ಪಕ್ಕದಲ್ಲಿ ನಿಂತಾಗ ಕಂಡಿತು. ಆ ಯೋಚನೆ ಬಂದಾಗಲೆಲ್ಲ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ಅವತ್ತಿನಿಂದ ಮಾತು ಬಿಟ್ಟೆ. ಹೊತ್ತಿಗೆ ಸರಿಯಾಗಿ ಊಟ ಬಡಿಸುತ್ತಿದ್ದೆ, ಕೇಳಿದ್ದಕ್ಕೆ ಅತ್ತೆಯ ಮೂಲಕ ಉತ್ತರ ಕೊಡುತ್ತಿದ್ದೆ. ಸಂಜೆ ಚಾಪೆಯ ಹತ್ತಿರ ಹೋಗಲಿಲ್ಲ. ಇವರು ಒಬ್ಬರೇ ಮಲಗಿಕೊಂಡು ಆಕಾಶದ ಕಡೆ ನೋಡುತ್ತಿದ್ದರು, ಆಗಾಗ ಅಡುಗೆಮನೆಯ ಕಡೆ ನೋಡುತ್ತಿದ್ದರು. ಸೆಳೆತ ಇದ್ದದ್ದು ದೂರ ಆಗಲ್ಲ ಎಂದಿದ್ದರಲ್ಲ, ಅದನ್ನು ನೆನೆಸಿಕೊಂಡು ಹಲ್ಲು ಕಡಿದೆ. ಸೆಳೆತ ಯಾವ ಕಡೆಗಿದೆ ಅನ್ನುವುದನ್ನು ಇವರು ಹೇಳಿರಲಿಲ್ಲವಲ್ಲ.

ಕೊನೆಗೆ ಒಂದು ಸಂಜೆ ಇವರು ಆ ತಗಡಿನ ಕೊಳವೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಮನೆಗೇ ತಂದರು. ಕತ್ತಲಾದ ಮೇಲೆ ಅಂಗಳದಲ್ಲಿ ನಿಲ್ಲಿಸಿ, ಬಗ್ಗಿ, ತಿರುಗಿಸಿ, ಬೆವರು ಒರೆಸಿಕೊಂಡು, "ಬಾರೇ, ನಿಂಗೂ ತೋರಿಸ್ತೀನಿ" ಎಂದು ಕರೆದರು. ನಿಂಗೂ ಅಂದದ್ದೇ ನನಗೆ ಉರಿಯಿತು. ಮಿಕ್ಕಿದ್ದನ್ನು ಬಡಿಸುತ್ತಾರಲ್ಲ, ಹಾಗೆ. ಹೋಗಬಾರದು ಅಂದುಕೊಂಡೆ. ಆದರೆ ಆಕೆ ಏನು ನೋಡಿದಳು ಅನ್ನುವುದನ್ನು ನೋಡದೆ ಇರಲೂ ಆಗಲಿಲ್ಲ.

ಕೊಳವೆಯ ಹತ್ತಿರ ಹೋಗುವ ಮೊದಲು ಬಡಗಣ ಆಕಾಶದ ಕಡೆ ಸುಮ್ಮನೆ ನೋಡಿದೆ. ತೆಂಗಿನ ಮರದ ಪಕ್ಕದಲ್ಲಿ ಸಪ್ತರ್ಷಿಗಳಿದ್ದರು. ಬಾಲದ ನಡುವಿನ ನಕ್ಷತ್ರ ವಸಿಷ್ಠ, ಅದಕ್ಕೆ ಅಂಟಿಕೊಂಡ ಹಾಗೆ ಅರುಂಧತಿ. ಚಿಕ್ಕಂದಿನಿಂದಲೂ ನಾನು ನೋಡುತ್ತಾ ಬಂದದ್ದೇ. ಅಗೋ ಬರಿಗಣ್ಣಿಗೇ ಕಾಣುತ್ತಿದೆಯಲ್ಲ, ಅದಕ್ಕೆ ಕೊಳವೆ ಯಾಕೆ ಎಂದೆ. ಬಹಳ ದಿನದ ಮೇಲೆ ಇವರ ಜೊತೆ ನೇರವಾಗಿ ಆಡಿದ ಮಾತು ಅದು. ಇವರು ಕೊಳವೆ ಬಿಟ್ಟು ನನ್ನ ಹತ್ತಿರ ಬಂದರು. ಎರಡೂ ಬೇರೆ ಬೇರೆ ಕಾಣುತ್ತವಾ ಎಂದು ಮತ್ತೆ ಮತ್ತೆ ಕೇಳಿದರು. ಇವರಿಗೆ ಕನ್ನಡಕ ಹಾಕಿದರೂ ಅಲ್ಲಿ ಒಂದೇ ನಕ್ಷತ್ರ ಕಾಣುತ್ತಿತ್ತಂತೆ. ಮದುವೆಗೆ ಮುಂಚೆ, ಆಮೇಲೆ, ಯಾವ ರಾತ್ರಿಯೂ ಇವರು ಅರುಂಧತಿಯನ್ನು ಕಂಡವರೇ ಅಲ್ಲ. ಶಾಲೆಯ ಮಾಳಿಗೆಯ ಮೇಲೆ ಆ ಸಂಜೆ ಕಂಡದ್ದೇ ಮೊದಲು.

ನನಗೆ ಖುಷಿಯಾಗಬೇಕಿತ್ತು. ಇನ್ನಷ್ಟು ಉರಿಯಿತು. ಇವರು ಮೊದಲ ಸಲ ಅರುಂಧತಿ ಕಂಡದ್ದೂ ಆಕೆಯ ಜೊತೆಯಲ್ಲೇ ಅಂತ ಆಯಿತಲ್ಲ.

ಬಗ್ಗಿ ಕೊಳವೆಗೆ ಕಣ್ಣಿಟ್ಟೆ. ಮೊದಲು ಏನೂ ಕಾಣಲಿಲ್ಲ, ಆಮೇಲೆ ಬೆಳಕಿನ ಚುಕ್ಕಿಗಳು ನಡುಗುತ್ತಾ ಬಂದು ನಿಂತವು. ಎರಡು ಇರಲಿಲ್ಲ, ಮೂರಿದ್ದವು. ಅರುಂಧತಿ ಅಷ್ಟು ದೂರದಲ್ಲಿ ಒಂಟಿಯಾಗಿ ನಿಂತಿದ್ದಳು. ವಸಿಷ್ಠನ ಪಕ್ಕದಲ್ಲಿ, ಮೈಗೆ ಮೈ ತಾಗಿದಂತೆ, ಇನ್ನೊಬ್ಬಳಿದ್ದಳು.

"ಇದ್ಯಾರು?" ಎಂದೆ.

ಇವರಿಗೆ ಪಾಠ ಮಾಡುವ ಹುಮ್ಮಸ್ಸು ಬಂದುಬಿಟ್ಟಿತು. ಅದು ವಸಿಷ್ಠನ ಜೊತೆಗಾರ ನಕ್ಷತ್ರ, ಎರಡೂ ಒಂದನ್ನೊಂದು ಸುತ್ತುತ್ತವೆ, ಒಂದು ಸುತ್ತಿಗೆ ಸಾವಿರಾರು ವರ್ಷ ಬೇಕು ಎಂದರು. ಬರಿಗಣ್ಣಿಗೆ ಕಾಣುವುದಿಲ್ಲವಾದ್ದರಿಂದ ನಮ್ಮ ಹಿರಿಯರು ಅದಕ್ಕೆ ಹೆಸರನ್ನೂ ಇಡಲಿಲ್ಲವಂತೆ. ಹಾಗಾದರೆ ಅರುಂಧತಿ ಎಂದು ಕೇಳಿದೆ. ಅವಳು ವಸಿಷ್ಠನ ಸುತ್ತ ಸುತ್ತುತ್ತಾಳೋ ಇಲ್ಲವೋ ತಿಳಿದವರಿಗೂ ಇನ್ನೂ ಖಚಿತವಿಲ್ಲ, ಆದರೆ ಎಲ್ಲವೂ ಒಂದೇ ದಿಕ್ಕಿಗೆ ಪ್ರಯಾಣ ಮಾಡುತ್ತಿವೆ ಎಂದರು. ಈಗ ನೀನು ನೋಡುತ್ತಿರುವ ಬೆಳಕು ನಿಮ್ಮಜ್ಜಿಯ ಮದುವೆಯ ಕಾಲದಲ್ಲಿ ಅಲ್ಲಿಂದ ಹೊರಟದ್ದು ಎಂದೂ ಸೇರಿಸಿದರು. ಪಾಪ, ನನ್ನ ಅಜ್ಜಿ. ಚಪ್ಪರದ ಹೊರಗೆ ನಿಂತು ಯಾರನ್ನು ನೋಡಿ ಕಾಣ್ತು ಅಂದಿದ್ದಳೋ, ಆ ಅರುಂಧತಿಯ ಗಂಡನ ಪಕ್ಕ ಆಗಲೇ ಇನ್ನೊಬ್ಬಳು ಇದ್ದಳು.

"ಮೇಡಂನೂ ಹಿಂಗೇ ಕೇಳಿದ್ರು, ಇದ್ಯಾರು ಅಂತ" ಎಂದು ಇವರು ನಕ್ಕರು.

ನಾನು ತಲೆ ಎತ್ತಿದೆ. ಆಕೆಗೆ ಇದನ್ನು ತೋರಿಸಬೇಕು ಅಂತ ಯಾಕೆ ಅನಿಸಿತು ಎಂದು ಕೇಳಿಯೇಬಿಟ್ಟೆ. ನನಗೆ ಅನಿಸಲಿಲ್ಲ, ಅವರೇ ಕೇಳಿದರು ಎಂದರು ಇವರು. ಮಕ್ಕಳೆಲ್ಲ ಇಳಿದು ಹೋದ ಮೇಲೆ, ನನಗೆ ಅರುಂಧತಿ ತೋರಿಸುವವರು ಯಾರೂ ಇಲ್ಲ, ನೀವೇ ತೋರಿಸಿಬಿಡಿ ಅಂದರಂತೆ. ಬಾಯಲ್ಲಿ ಇಷ್ಟು ದಿನ ಕಟ್ಟಿಟ್ಟದ್ದೆಲ್ಲ ಹೊರಗೆ ಬಂತು. ಬೇಕಾದರೆ ಕಟ್ಟಿಕೊಳ್ಳಿ, ನಿಮ್ಮಮ್ಮನಿಗೂ ಮೊಮ್ಮಗ ಬೇಕು, ನಾನು ಸಾಸಲಿಗೆ ಹೋಗುತ್ತೇನೆ ಎಂದೆ. ನಾನು ಏನು ಹೇಳುತ್ತಿದ್ದೇನೆ ಅನ್ನುವುದು ಅವತ್ತು, ಆ ಹೊತ್ತಿಗೆ, ಮೊದಲ ಸಲ ಇವರ ತಲೆಗೆ ಹೋಯಿತು. ಇನ್ನೊಂದು ಮದುವೆಯ ಮಾತನ್ನು ನೆಂಟರು ನನ್ನ ಹತ್ತಿರವೂ ಎತ್ತಿದ್ದರು, ಇನ್ನೊಂದು ಸಲ ಎತ್ತಿದರೆ ಆ ಮನೆ ಮೆಟ್ಟಿಲು ಹತ್ತುವುದಿಲ್ಲ ಅಂತ ಹೇಳಿ ಬಂದಿದ್ದೇನೆ ಎಂದರು. ಅದನ್ನು ನನಗೆ ಯಾಕೆ ಹೇಳಲಿಲ್ಲ ಎಂದರೆ, ಹೇಳುವಂಥದ್ದು ಏನಿತ್ತು ಎಂದರು. ಶನಿಗೆ ಎಷ್ಟು ಬಳೆ ಅಂತ ದಿನಾ ಹೇಳುವ ಮನುಷ್ಯ.

ಇವರ ಮೇಲಿನ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು. ಆಕೆಯ ಮೇಲಿನದು ಇಳಿಯಲಿಲ್ಲ. ನೀವೇ ತೋರಿಸಿಬಿಡಿ ಅಂತ ಕೇಳಲು ಎಷ್ಟು ಧೈರ್ಯ ಇರಬೇಕು!

ಬೇಸಿಗೆ ರಜೆಯಲ್ಲಿ ಆಕೆಗೆ ಹೊಸಕೋಟೆಯ ಕಡೆಗೆ ವರ್ಗವಾಯಿತು ಅಂತ ತಿಳಿಯಿತು. ನನಗೆ ಎಷ್ಟು ಸಂತೋಷವಾಯಿತು ಅಂದರೆ ಅವತ್ತು ಒಬ್ಬಟ್ಟು ಮಾಡಿದೆ. ಅದೇ ದಿನ, ಶಾಲೆಯಲ್ಲಿದ್ದ ತಮ್ಮ ಸಾಮಾನು ತೆಗೆದುಕೊಂಡು ಹೋಗಲು ಬಂದ ಆಕೆಯನ್ನು ಇವರು ಬಸ್ಸಿಗೆ ಮುಂಚೆ ಮನೆಗೆ ಕರೆದುಕೊಂಡು ಬಂದರು. ಇಷ್ಟು ದಿನ ನನ್ನ ತಲೆಯಲ್ಲಿದ್ದ ಹೆಂಗಸಿಗೆ ಉದ್ದ ಜಡೆಯಿತ್ತು, ಕಾಡಿಗೆ ಕಣ್ಣಿತ್ತು. ಬಾಗಿಲಲ್ಲಿ ನಿಂತವರಿಗೆ ಕಿವಿಯ ಹತ್ತಿರ ಕೂದಲು ನರೆತಿತ್ತು. ಇವರದಕ್ಕಿಂತ ದಪ್ಪ ಕನ್ನಡಕ. ಕೊಡೆಯ ಕಡ್ಡಿಗೆ ದಾರ ಸುತ್ತಿತ್ತು. ಒಂದು ಚೀಲದ ತುಂಬ ಪುಸ್ತಕ. ನನ್ನನ್ನು ನೋಡಿ, ನೀವು ಬರಿಗಣ್ಣಲ್ಲಿ ಎರಡನ್ನೂ ನೋಡುತ್ತೀರಂತೆ, ನಿಮ್ಮವರು ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ ಎಂದರು. ಇವರು ನನ್ನ ಬಗ್ಗೆ ಅಲ್ಲಿ ಮಾತಾಡಿದ್ದು ನನಗೆ ಗೊತ್ತೇ ಇರಲಿಲ್ಲ.

ಒಬ್ಬಟ್ಟು ಬಡಿಸಿದೆ. ಅತ್ತೆ ಎದುರಿಗೆ ಕೂತು ಮನೆಯ ಕಡೆ ವಿಚಾರ ಕೇಳಿದರು. ಅಪ್ಪ ಬೇಗ ಹೋಗಿಬಿಟ್ಟರು, ಹಿರಿಯವಳು ನಾನು, ತಂಗಿಯರ ಮದುವೆಯೆಲ್ಲ ಆಯಿತು ಎಂದರು. ನಿನ್ನದು ಎಂದು ಅತ್ತೆ ಕೇಳಿದರು. ನಮ್ಮ ಅತ್ತೆ ಹಾಗೇ, ತಡೆಯೇ ಇಲ್ಲ. ಆಕೆ ಎಲೆಯನ್ನು ನೋಡುತ್ತಾ ಮೆಲ್ಲಗೆ ನಕ್ಕರು.

"ಮೂರು ಜನ ತಂಗೀರ ಮದುವೇಲೂ ಹಿಂದೆ ಕಳಸ ಹಿಡ್ಕೊಂಡು ನಿಂತಿದ್ದೆ ಅಮ್ಮ. ಅರುಂಧತಿ ತೋರಿಸ್ವಾಗ ನಾನೂ ಮೇಲೆ ನೋಡ್ತಿದ್ದೆ. ನನಗೆ ಅಂತ ಯಾರೂ ಕೈ ತೋರಿಸ್ಲಿಲ್ಲ. ಅದಕ್ಕೆ ಅವತ್ತು ಸರ್ ಹತ್ರ ಕೇಳ್ಬಿಟ್ಟೆ."

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಒರೆಸಿಕೊಳ್ಳಲಿಲ್ಲ. ಕನಿಕರ ಬಂತು, ಇಲ್ಲ ಅನ್ನುವುದಿಲ್ಲ. ಆದರೆ ಹೊಟ್ಟೆಕಿಚ್ಚು ಕನಿಕರಕ್ಕೆ ಜಾಗ ಬಿಟ್ಟುಕೊಟ್ಟು ಎದ್ದು ಹೋಗುವಂಥದ್ದಲ್ಲ, ಅದರ ಪಕ್ಕದಲ್ಲೇ ಕೂತಿತ್ತು. ಈಕೆ ಹೊಸಕೋಟೆಗೆ ಹೋಗುತ್ತಾರೆ, ಅಲ್ಲಿ ಯಾವತ್ತೋ ಸಂಜೆ ಮೇಲೆ ನೋಡುತ್ತಾರೆ, ನನಗೆ ಅರುಂಧತಿ ತೋರಿಸಿದವರು ಅವರು ಅಂತ ನನ್ನ ಗಂಡನನ್ನು ನೆನೆಸಿಕೊಳ್ಳುತ್ತಾರೆ. ಆ ಯೋಚನೆ ಬಂದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಅರಿಸಿನ ಕುಂಕುಮ ಕೊಟ್ಟೆ, ಎಲೆ ಅಡಿಕೆ ಕೊಟ್ಟೆ, ಹೂವು ಮುಡಿಸಿದೆ. ಆಮೇಲೆ ಆಕೆಯ ಕೈ ಹಿಡಿದುಕೊಂಡು ಅಂಗಳಕ್ಕೆ ಕರೆತಂದು ಬಡಗಣಕ್ಕೆ ಮುಖ ಮಾಡಿ ನಿಲ್ಲಿಸಿದೆ. ಅತ್ತೆ ಜಗಲಿಗೆ ಬಂದು ನಿಂತರು. ಇವರು ಪುಸ್ತಕದ ಚೀಲ ಹಿಡಿದುಕೊಂಡು ಬಸ್ಸಿಗೆ ಹೊತ್ತಾಯಿತು ಎನ್ನುತ್ತಿದ್ದರು. ಮಟಮಟ ಮಧ್ಯಾಹ್ನ. ನನ್ನ ಮದುವೆಯ ದಿನದಂಥದೇ ಬಿಸಿಲು. ಪುರೋಹಿತರು ಎತ್ತಿದ ಹಾಗೆಯೇ ಬೆರಳನ್ನು ಮೇಲಕ್ಕೆತ್ತಿದೆ.

"ಅಗೋ, ಅಲ್ಲಿ ವಸಿಷ್ಠ. ಪಕ್ಕದಲ್ಲಿ ಅರುಂಧತಿ. ಕಾಣ್ತಾ?"

ಹಗಲು ಹೊತ್ತಿನಲ್ಲಿ ನಕ್ಷತ್ರ ಯಾಕೆ ಕಾಣುವುದಿಲ್ಲ ಅನ್ನುವುದನ್ನು ತಿಳಿದ ಹೆಂಗಸು ಅವರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ನನ್ನ ಬೆರಳ ತುದಿಯ ಜಾಡು ಹಿಡಿದು ಮೇಲೆ ಮೇಲೆ ನೋಡುತ್ತಾ ಹೋದರು. ಇವರು ಏನೋ ಹೇಳಲು ಬಾಯಿ ತೆರೆದರು. ನಾನು ತಿರುಗಿ ನೋಡಿದ ರೀತಿಗೆ ಮುಚ್ಚಿಕೊಂಡರು.

"ಕಾಣ್ತು" ಎಂದರು ಆಕೆ.

ನನಗೆ ಮತ್ತೆ ಹೊಟ್ಟೆ ಉರಿಯಿತು. ನಾನು ಅವತ್ತು ಅದೇ ಮಾತನ್ನು ಸುಳ್ಳಾಗಿ ಹೇಳಿದ್ದೆ. ಆಕೆ ಹೇಳಿದಾಗ ನಿಜವಾಗಿಯೂ ಕಂಡ ಹಾಗಿತ್ತು.